ಪಾಠ ಮಾಡಿ ದಣಿದ ಮೇಲೆ ಹಾಡು ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಹಳ್ಳಿಯವಳು. ಬಿ.ಎ. ಎರಡನೇ ವರ್ಷ, ಹಿಂದೂಸ್ತಾನಿ ಸಂಗೀತ ನನ್ನ ಒಂದು ವಿಷಯ. ಮುಂದೆ ಕಾಲೇಜಿನಲ್ಲಿ ಸಂಗೀತ ಪಾಠ ಮಾಡಬೇಕು, ಜೊತೆಗೆ ಕವಿತೆಗಳಿಗೆ ರಾಗ ಹಾಕಬೇಕು ಅಂತ ಆಸೆ. ನಮ್ಮಪ್ಪ ಮಾತ್ರ, "ದಿನವಿಡೀ ಪಾಠ ಮಾಡಿ ದಣಿದವರಿಗೆ ಹಾಡು ಎಲ್ಲಿಂದ ಹುಟ್ಟತೈತಿ?" ಅಂತ ಕೇಳುತ್ತಾರೆ. ನೀವು ರಾಯಚೂರಿನಲ್ಲಿ ಎರಡೂ ಮಾಡುತ್ತಿದ್ದೀರಿ. ನಿಮ್ಮ ಒಂದು ದಿನ ಹೇಗಿರುತ್ತದೆ ಮೇಡಂ? ಎರಡೂ ಒಟ್ಟಿಗೆ ಆಗುವ ಕೆಲಸವಾ? ನಾನು ಏನು ಓದಬೇಕು? ನಿಮ್ಮ ತಂಗಿ ಅಂತ ತಿಳಿದು ಉತ್ತರಿಸಿ.

ಉತ್ತರ: ತಂಗಿ ಅಂತ ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಿಮ್ಮಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡ. ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ನನಗೂ ಹಾಗೇ ಅನಿಸಿತ್ತು. ಪಾಠ ಬೇರೆ, ಹಾಡು ಕಟ್ಟುವುದು ಬೇರೆ, ಒಂದಕ್ಕೆ ಕೊಟ್ಟ ಹೊತ್ತು ಇನ್ನೊಂದಕ್ಕೆ ನಷ್ಟ ಅಂದುಕೊಂಡಿದ್ದೆ. ಆ ಮೂರು ವರ್ಷದಲ್ಲಿ ನಾನು ಹಾಕಿದ ಧಾಟಿಗಳನ್ನು ಈಗ ಯಾರೂ ಹಾಡುವುದಿಲ್ಲ, ನಾನೂ ಹಾಡುವುದಿಲ್ಲ. ಆಮೇಲೆ ಏನು ಬದಲಾಯಿತು ಅನ್ನುವುದನ್ನು ಹೇಳಬೇಕಾದರೆ ಒಂದು ದಿನವನ್ನು ಬೆಳಗಿನಿಂದಲೇ ಹೇಳಬೇಕು. ಈ ಬೇಸಿಗೆಯ ಒಂದು ಬುಧವಾರವನ್ನೇ ತೆಗೆದುಕೊಳ್ಳುತ್ತೇನೆ.

ಬೆಳಗ್ಗೆ ಐದಕ್ಕೆ ಏಳುತ್ತೇನೆ. ರಾಯಚೂರಿನ ಬೇಸಿಗೆ ನಿನಗೆ ಗೊತ್ತೇ ಇದೆ, ನಿಮ್ಮ ಕಡೆಯೂ ಅದೇ ಬಿಸಿಲು. ಗಾಳಿ ತಣ್ಣಗಿರುವುದು ಆ ಒಂದೂವರೆ ಗಂಟೆ ಮಾತ್ರ. ಮೊದಲ ಅರ್ಧ ಗಂಟೆ ಖರ್ಜ. ಮಂದ್ರ ಸಪ್ತಕದಲ್ಲಿ ಒಂದೊಂದೇ ಸ್ವರ, ಉಸಿರು ಇರುವಷ್ಟು ಹೊತ್ತು, ಜೋರಿಲ್ಲದೆ. ಆಮೇಲೆ ಪಲ್ಟಾ (ಸ್ವರಗಳನ್ನು ಜೋಡಿಸಿ ಹಾಡುವ ಅಭ್ಯಾಸ), ಕೊನೆಗೆ ಭೈರವವೋ ತೋಡಿಯೋ ಒಂದೇ ರಾಗ. ಈ ಹೊತ್ತಿನಲ್ಲಿ ನಾನು ಹೊಸ ಧಾಟಿ ಹುಡುಕುವುದಿಲ್ಲ. ಗಂಟಲು ನನ್ನ ಮಾತು ಕೇಳುತ್ತದೋ ಇಲ್ಲವೋ ಅಂತ ನೋಡಿಕೊಳ್ಳುವುದಷ್ಟೇ. ಕಾಲೇಜು ಮೇಷ್ಟ್ರ ಗಂಟಲು ಹಾಳಾಗುವುದು ಹಾಡಿ ಅಲ್ಲ, ಮಾತಾಡಿ. ದಿನಕ್ಕೆ ಮೂರ್ನಾಲ್ಕು ಗಂಟೆ ಗದ್ದಲದ ನಡುವೆ ಏರಿಸಿ ಮಾತಾಡುತ್ತೇವಲ್ಲ, ಅದು ಹೆಚ್ಚು ಸುಸ್ತು ಮಾಡುತ್ತದೆ. ಇನ್ನೊಂದು ತಪ್ಪು ನಾನೇ ಮಾಡಿದ್ದು. ಹುಡುಗರ ಪಟ್ಟಿ, ಅಂದರೆ ಷಡ್ಜಕ್ಕೆ ಹಿಡಿಯುವ ಪೇಟಿಯ (ಹಾರ್ಮೋನಿಯಂ) ಮನೆ, ಸಾಮಾನ್ಯವಾಗಿ ಕಪ್ಪು ಒಂದು, ಕಪ್ಪು ಎರಡು. ನನ್ನದು ಕಪ್ಪು ನಾಲ್ಕು. ಹುಡುಗರಿಗೆ ಹೇಳಿಕೊಡುವಾಗ ಅವರ ಪಟ್ಟಿಗೇ ಇಳಿದು ಹಾಡುತ್ತಾ ಹಾಡುತ್ತಾ ಒಂದು ವರ್ಷದಲ್ಲಿ ನನ್ನ ತಾರ ಷಡ್ಜವೇ (ಮೇಲಿನ ಸ) ಸೀಳಲು ಶುರುವಾಯಿತು. ಸರಿಯಾಗಲು ಮತ್ತೆ ಒಂದು ವರ್ಷ ಬೇಕಾಯಿತು. ಈಗ ಹುಡುಗರಿಗೆ ಪೇಟಿಯಲ್ಲಿ ನುಡಿಸಿ ತೋರಿಸುತ್ತೇನೆ, ಇಲ್ಲವೇ ಸೀನಿಯರ್ ಹುಡುಗನೊಬ್ಬನಿಂದ ಹಾಡಿಸುತ್ತೇನೆ. ನೀನು ಈ ವೃತ್ತಿಗೆ ಬಂದರೆ ಮೊದಲ ದಿನದಿಂದಲೇ ಇದನ್ನು ಪಾಲಿಸು.

ಒಂಬತ್ತೂವರೆಗೆ ಕಾಲೇಜು. ನಮ್ಮ ಸಂಗೀತ ಕೋಣೆ ಮೇಲಿನ ಮಹಡಿಯಲ್ಲಿದೆ. ಜಮಖಾನೆ, ಎರಡು ತಂಬೂರಿ, ಎರಡು ಪೇಟಿ, ಮೂರು ಜೊತೆ ತಬಲಾ. ಪಾಠಕ್ಕೆ ಮುಂಚೆ ಶ್ರುತಿ ಮಾಡಬೇಕು. ಹೊರಗಿನವರಿಗೆ ಇದು ಐದು ನಿಮಿಷದ ಕೆಲಸ ಅನಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಅದೇ ಒಂದು ಪಾಠ. ಬಿಸಿಲಿಗೆ ತಂಬೂರಿಯ ತಂತಿ ಹಿಗ್ಗುತ್ತದೆ, ಬಿಗಿ ಕಡಿಮೆಯಾಗುತ್ತದೆ, ಶ್ರುತಿ ಇಳಿಯುತ್ತದೆ. ತಬಲಾದ ಚರ್ಮ ಅದೇ ಬಿಸಿಲಿಗೆ ಒಣಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಕೆಳಗೆ ಹೋಗುತ್ತದೆ, ಇನ್ನೊಂದು ಮೇಲೆ ಹೋಗುತ್ತದೆ. ಮಳೆಗಾಲದಲ್ಲಿ ತಬಲಾ ತೇವ ಕುಡಿದು ಸಡಿಲಾಗುತ್ತದೆ. ಹೀಗೆ ಯಾಕೆ ಆಗುತ್ತದೆ ಅಂತ ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಅವರ ಕೈಗೇ ಸುತ್ತಿಗೆ ಕೊಡುವುದು ವಾಸಿ. ತಬಲಾದ ಬಾಯಿ ಸುತ್ತ ಇರುವ ಚರ್ಮದ ಹೆಣಿಗೆಯನ್ನು ಮೇಲಿನಿಂದ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಜಾಸ್ತಿ ವ್ಯತ್ಯಾಸ ಇದ್ದರೆ ಪಕ್ಕದ ಗಟ್ಟಗಳನ್ನು ಸರಿಸಬೇಕು. ತಂಬೂರಿಗೆ ಮೊದಲು ಬಿರಡೆ ತಿರುವಿ, ಆಮೇಲೆ ಮಣಿ ಸರಿಸಿ, ಕೊನೆಗೆ ತಂತಿಯ ಕೆಳಗಿನ ದಾರವನ್ನು ಒಂದು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ಜವಾರಿ (ತಂತಿಯ ತುಂಬು ಝೇಂಕಾರ) ಬಿಡಿಸಬೇಕು. ದಾರ ಸರಿಯಾದ ಜಾಗಕ್ಕೆ ಬಂದ ಕ್ಷಣ ಇಡೀ ತಂಬೂರಿ ಬಾಯಿ ಬಿಡುತ್ತದೆ. ಆಗ ಮಕ್ಕಳ ಮುಖ ನೋಡಬೇಕು ನೀನು! ಮೊಬೈಲ್ ತಂಬೂರಿಯಲ್ಲಿ ಶ್ರುತಿ ಸಿಗುತ್ತದೆ, ಈ ಮುಖ ಸಿಗುವುದಿಲ್ಲ. ಕರೆಂಟು, ಮೊಬೈಲ್ ಎಲ್ಲ ಇದ್ದರೂ ವಾರಕ್ಕೆ ಎರಡು ದಿನವಾದರೂ ನಿಜವಾದ ತಂಬೂರಿ ಇಟ್ಟುಕೊಂಡೇ ಪಾಠ ಮಾಡುವುದು ನನ್ನ ಹಟ.

ಹತ್ತು ಗಂಟೆಗೆ ಮೊದಲ ವರ್ಷದವರು. ಭೂಪ ಮೊದಲ ರಾಗ. ಐದೇ ಸ್ವರ, ಸ ರೆ ಗ ಪ ಧ, ಎಲ್ಲ ಶುದ್ಧ. ಸುಲಭ ಅಂತ ಎಲ್ಲರೂ ಅದನ್ನೇ ಮೊದಲು ಹೇಳಿಕೊಡುತ್ತಾರೆ. ಈ ವರ್ಷ ಒಬ್ಬ ಹುಡುಗನಿಗೆ ಅದೇ ಕಷ್ಟವಾಯಿತು. ಲಿಂಗಸುಗೂರು ಕಡೆಯವನು, ಗಟ್ಟಿ ದನಿ, ತಾಳ ತಪ್ಪುವುದೇ ಇಲ್ಲ. ಆದರೆ ಅವನ ಗಂಧಾರ, ಅಂದರೆ ಗ ಸ್ವರ, ಪ್ರತಿ ಸಲ ಕೆಳಗೆ ಜಾರುತ್ತಿತ್ತು. ಎರಡು ವಾರ ತಿದ್ದಿದೆ. ಅವನು ಕುಗ್ಗಿ ಹಿಂದಿನ ಸಾಲಿನಲ್ಲಿ ಕೂರಲು ಶುರು ಮಾಡಿದ. ಒಂದು ದಿನ ಪಾಠ ಮುಗಿದ ಮೇಲೆ ಕರೆದು, "ನಿಮ್ಮೂರಲ್ಲಿ ಏನು ಹಾಡ್ತೀಯಪ್ಪಾ?" ಅಂತ ಕೇಳಿದೆ. "ಮೊಹರಮ್ಮಿಗೆ ಪದ ಹಾಡ್ತೀನ್ರಿ, ನಮ್ಮಪ್ಪನ ಸಂಗಾಟ" ಅಂದ. ಹಾಡು ಅಂದೆ. ಕಣ್ಣು ಮುಚ್ಚಿಕೊಂಡು ಹಾಡಿದ. ಅಲಾಯಿ ಕುಣಿ (ಮೊಹರಮ್ಮಿನ ಬೆಂಕಿ ಗುಂಡಿ) ಸುತ್ತ ಹೆಜ್ಜೆ ಹಾಕುತ್ತಾ ಹಾಡುವ ಪದ. ಕೋಮಲ (ಒಂದು ಮೆಟ್ಟಿಲು ಇಳಿದ) ಗಂಧಾರ, ಕೋಮಲ ನಿಷಾದ (ನಿ), ಎರಡೂ ಗುಂಡು ಹೊಡೆದ ಹಾಗೆ ಜಾಗಕ್ಕೆ ಸರಿಯಾಗಿ ಕೂತಿದ್ದವು. ಅವನ ಕಿವಿಯಲ್ಲಿ ತಪ್ಪಿರಲಿಲ್ಲ, ಬೇರೆ ಗಂಧಾರ ಇತ್ತು. ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದ ಹುಡುಗನಿಗೆ ಶುದ್ಧ ಗಂಧಾರ ಪರಸ್ಥಳದವರ ಹಾಗೆ ಕೇಳುತ್ತಿತ್ತು.

ಮರುದಿನ ಅವನಿಗಾಗಿ ದಾರಿ ತಿರುಗಿಸಿದೆ. ಮೊದಲು ಅವನ ಪದವನ್ನೇ ಸ್ವರ ಹಾಕಿ ಬೋರ್ಡಿನ ಮೇಲೆ ಬರೆದೆ. ಅದು ಭೀಮಪಲಾಸಿಗೆ ಎಷ್ಟು ಹತ್ತಿರ ಇದೆ ಅಂತ ತೋರಿಸಿದೆ. ಭೀಮಪಲಾಸಿ ಹಾಡಿಸಿದೆ. ಆಮೇಲೆ ಅದೇ ಗಂಧಾರವನ್ನು ಒಂದು ಮೆಟ್ಟಿಲು ಮೇಲೆತ್ತಿ ಶುದ್ಧ ಮಾಡಿದರೆ ಏನಾಗುತ್ತದೆ ಕೇಳು ಅಂದೆ. ನಾಲ್ಕೇ ದಿನ. ಈಗ ಭೂಪದ ಆಲಾಪ ಶುರು ಮಾಡುವವನು ಅವನೇ. ಇನ್ನೊಂದು ಸಂಗತಿ ಅಂದರೆ, ಉಳಿದ ಮಕ್ಕಳಿಗೂ ರಾಗ ಅಂದರೆ ಪುಸ್ತಕದಲ್ಲಿ ಇರುವುದಲ್ಲ, ತಮ್ಮೂರಿನ ಪದದೊಳಗೂ ಇದೆ ಅಂತ ಗೊತ್ತಾಯಿತು. ಒಬ್ಬಳು ತನ್ನ ಅಜ್ಜಿ ಬೀಸುವಾಗ ಹೇಳುತ್ತಿದ್ದ ಹಾಡು ತಂದಳು, ಇನ್ನೊಬ್ಬ ಏಕತಾರಿ ಹಿಡಿದು ಹಾಡುವ ತತ್ವಪದ ತಂದ. ನನ್ನ ನೋಟ್ ಬುಕ್ಕಿನಲ್ಲಿ ಅಂಥ ಧಾಟಿಗಳು ಈಗ ನೂರರ ಹತ್ತಿರ ಇವೆ. ಹಾಡು ಎಲ್ಲಿಂದ ಹುಟ್ಟತೈತಿ ಅಂತ ನಿಮ್ಮಪ್ಪ ಕೇಳಿದ್ದಾರಲ್ಲ, ಅರ್ಧ ಉತ್ತರ ಇಲ್ಲಿದೆ.

ಹನ್ನೊಂದೂವರೆಗೆ ಮೂರನೇ ವರ್ಷದವರಿಗೆ ಬರವಣಿಗೆ ಪಾಠ. ಸ್ವರ ಬರೆಯುವ ಭಾತಖಂಡೆ ಲಿಪಿ, ರಾಗಗಳನ್ನು ಗುಂಪು ಮಾಡುವ ಹತ್ತು ಥಾಟ್, ತಾಳಗಳ ಠೇಕಾ (ತಬಲಾದ ಮೂಲ ಬೋಲು). ಕೋಮಲಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಮಕ್ಕಳಿಗೆ ಇದು ಬೇಜಾರು. ಆದರೆ ರಾಗ ಹಾಕುವ ಆಸೆ ಇದ್ದರೆ ಇದನ್ನು ಕೈ ತಿರುಗುವವರೆಗೆ ಕಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟ ಧಾಟಿ ಕೇಳಲು ಚೆನ್ನ. ಅದರಲ್ಲಿ ಎಲ್ಲಿ ಸಡಿಲು ಬಿದ್ದಿದೆ ಅಂತ ಕಾಣುವುದು ಬರೆದಾಗ ಮಾತ್ರ.

ಆಮೇಲೆ ಹಾಜರಿ, ಇಂಟರ್ನಲ್ ಅಂಕ, ಸುತ್ತೋಲೆ, ಸಭೆ. ಒಂದೂವರೆ ಗಂಟೆ ಅಂತ ಲೆಕ್ಕ ಇಟ್ಟುಕೋ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ಸಂಗೀತದ ಮೇಷ್ಟ್ರಿಗೆ ಕರೆ ಬರುತ್ತದೆ. ಪ್ರಾರ್ಥನೆ, ಸ್ವಾಗತ ಗೀತೆ, ನಾಡಗೀತೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಸರಕಾರ 2022ರಲ್ಲಿ ಆದೇಶ ಮಾಡಿದೆ. ಮಕ್ಕಳಿಗೆ ಅದನ್ನು ಗಡಿಯಾರ ಇಟ್ಟು ಕಲಿಸುತ್ತೇನೆ. ಉಸಿರು ಎಲ್ಲಿ, ಎಷ್ಟು ಅನ್ನುವ ಲೆಕ್ಕ ಅಷ್ಟು ಚೆನ್ನಾಗಿ ಬೇರೆ ಯಾವ ಹಾಡಿನಲ್ಲೂ ಕಲಿಸಲು ಆಗುವುದಿಲ್ಲ.

ಇನ್ನು ಆ ಬುಧವಾರದ ಮುಖ್ಯ ಸಂಗತಿಗೆ ಬರುತ್ತೇನೆ. ಮಧ್ಯಾಹ್ನ ಮೂರಕ್ಕೆ ಯುವಜನೋತ್ಸವದ ಸಮೂಹಗಾನದ ತಾಲೀಮು. ಆರು ಜನ ಹಾಡುವವರು, ಮೂರು ಜನ ಪಕ್ಕವಾದ್ಯದವರು. ಕನ್ನಡ ವಿಭಾಗದ ಸಹೋದ್ಯೋಗಿಯೊಬ್ಬರು ತುಂಗಭದ್ರೆಯ ಮೇಲೆ ಒಂದು ಪದ್ಯ ಬರೆದುಕೊಟ್ಟಿದ್ದರು. ಅವರ ಒಪ್ಪಿಗೆಯಿಂದಲೇ ಮೊದಲ ಎರಡು ಸಾಲು ಇಲ್ಲಿ ಕೊಡುತ್ತೇನೆ:

ತುಂಗೆ ಹರಿದಳು ಹಸಿರು ಗದ್ದೆಗೆ
ಹಿಂಗಿ ಹೋಗದ ನೀರು ಹರಿಯಲಿ

ಭಾನುವಾರ ಸಂಜೆ ಮಾಳಿಗೆ ಮೇಲೆ ನೀರು ಹೊಡೆದು, ಚಾಪೆ ಹಾಸಿ, ಪೇಟಿ ಇಟ್ಟುಕೊಂಡು ಕೂತಿದ್ದೆ. ದೇಸ್ ರಾಗ ಮನಸ್ಸಿಗೆ ಬಂತು. ಮಳೆ, ನದಿ ಅಂದರೆ ದೇಸ್ ತಾನಾಗಿಯೇ ಬರುತ್ತದೆ. ತಾಳ ಕೇರವಾ ಇಟ್ಟೆ, ಎಂಟು ಮಾತ್ರೆ. ಸಮೂಹಗಾನಕ್ಕೆ ಎಲ್ಲರೂ ಅದನ್ನೇ ಇಡುತ್ತಾರೆ, ಜನ ಬೇಗ ತಲೆದೂಗುತ್ತಾರೆ. ಒಂದು ಗಂಟೆಯಲ್ಲಿ ಧಾಟಿ ಆಯಿತು. ಸೋಮವಾರ ಮಕ್ಕಳಿಗೆ ಕಲಿಸಿದೆ. ಹಾಡಿದರು. ಏನೋ ಒಂದು ಕಡೆ ಚುಚ್ಚುತ್ತಿತ್ತು, ಏನು ಅಂತ ಗೊತ್ತಾಗಲಿಲ್ಲ.

ಬುಧವಾರ ಮಾನ್ವಿ ಕಡೆಯ ಹುಡುಗಿಯೊಬ್ಬಳು ಹಾಡುತ್ತಾ ಹಾಡುತ್ತಾ ತೊಡೆ ಮೇಲೆ ಬೇರೆಯೇ ತಾಳ ಹಾಕುತ್ತಿದ್ದಳು. ಅವಳಿಗೇ ಗೊತ್ತಿಲ್ಲದೆ. ತಬಲಾ ಎಂಟಕ್ಕೆ ಹೋಗುತ್ತಿದೆ, ಇವಳ ಕೈ ಏಳಕ್ಕೆ ಬರುತ್ತಿದೆ. ತಬಲಾ ನಿಲ್ಲಿಸಿ ಕೇಳಿದೆ. ಅವಳ ಮನೆಯಲ್ಲಿ ಅಜ್ಜಿ ದಿನಾ ಬೆಳಗ್ಗೆ ಹರಿಕಥಾಮೃತಸಾರ ಹೇಳುತ್ತಾರಂತೆ. ಮಾನ್ವಿಯ ಜಗನ್ನಾಥದಾಸರು (1728–1809) ಅದನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ನಮ್ಮ ಪದ್ಯವೂ ಭಾಮಿನಿಯೇ. ಭಾಮಿನಿ ಅಂದರೆ ಮಾತ್ರೆಗಳು ಮೂರು, ನಾಲ್ಕು, ಮೂರು, ನಾಲ್ಕು. ತುಂಗೆ ಮೂರು, ಹರಿದಳು ನಾಲ್ಕು, ಹಸಿರು ಮೂರು, ಗದ್ದೆಗೆ ನಾಲ್ಕು. ಪುಸ್ತಕದಲ್ಲಿ ಓದಿದ್ದ ನಾನು ಮರೆತಿದ್ದೆ. ಅಜ್ಜಿಯ ಬಾಯಿಂದ ಕೇಳಿದ್ದ ಹುಡುಗಿಯ ಕೈ ಮರೆತಿರಲಿಲ್ಲ.

ಚುಚ್ಚುತ್ತಿದ್ದದ್ದು ಏನು ಅಂತ ಆಗ ಹೊಳೆಯಿತು. ಎಂಟು ಮಾತ್ರೆ ತುಂಬಿಸಲು ನಾನು ಮೂರರ ಮಾತನ್ನು ನಾಲ್ಕಕ್ಕೆ ಎಳೆದಿದ್ದೆ. ಹಸಿರು ಅನ್ನುವುದು ಹಸಿರೂ ಆಗಿತ್ತು. ನೀರು ಅನ್ನುವುದು ನೀರೂ ಆಗಿತ್ತು. ಕನ್ನಡದಲ್ಲಿ ಹ್ರಸ್ವವನ್ನು ದೀರ್ಘ ಮಾಡಿದರೆ ಅರ್ಥವೇ ಬೇರೆ, ಅಲ್ವಾ? ನೀರು ಹರಿಯಲಿ ಅಂದರೆ ಒಂದು, ನೀರೂ ಹರಿಯಲಿ ಅಂದರೆ ಇನ್ನೊಂದು. ಮತ್ತೇನೋ ಹರಿಯುತ್ತಿದೆ, ಜೊತೆಗೆ ನೀರೂ ಹರಿಯಲಿ ಅಂದ ಹಾಗೆ ಕೇಳುತ್ತದೆ. ಧಾಟಿಯ ಚೆಂದಕ್ಕೆ ನಾನು ಮಾತಿನ ಕೈಕಾಲು ಎಳೆದಿದ್ದೆ.

ಅಲ್ಲೇ ರೂಪಕಕ್ಕೆ ಬದಲಿಸಿದೆವು. ಏಳು ಮಾತ್ರೆ, ಮೂರು ಎರಡು ಎರಡು: ತೀ ತೀ ನಾ, ಧೀ ನಾ, ಧೀ ನಾ. ರೂಪಕದಲ್ಲಿ ಒಂದು ವಿಶೇಷ ಇದೆ, ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಖಾಲಿ (ತೂಕವಿಲ್ಲದ ಜಾಗ) ಬರುತ್ತದೆ, ತೂಕ ನಾಲ್ಕನೇ ಮಾತ್ರೆಯಿಂದ ಶುರು. ಸಾಲನ್ನು ಇಟ್ಟು ನೋಡು. ತುಂಗೆ ಖಾಲಿಯಲ್ಲಿ ಹಗುರವಾಗಿ ಬರುತ್ತದೆ, ಹರಿದಳು ತೂಕದ ಮೇಲೆ ಬೀಳುತ್ತದೆ. ಹಸಿರು ಹಗುರ, ಗದ್ದೆಗೆ ಮತ್ತೆ ತೂಕ, ಅದರ ದ್ದ ಒತ್ತಕ್ಷರ ಸರಿಯಾಗಿ ಧೀ ಹತ್ತಿರವೇ. ಯಾವ ಅಕ್ಷರವನ್ನೂ ಎಳೆಯಬೇಕಾಗಿಲ್ಲ, ಯಾವುದನ್ನೂ ನುಂಗಬೇಕಾಗಿಲ್ಲ. ಬಾಯಿಗೆ ಬಂದ ಹಾಗೆ ಓದಿದರೆ ಅರ್ಧ ಧಾಟಿ ಅಲ್ಲೇ ಇದೆ. ಭಾಮಿನಿಗೆ ರೂಪಕವೇ ಬೇಕು ಅಂತ ಕಟ್ಟಪ್ಪಣೆ ಏನಿಲ್ಲ, ಆದರೆ ಪದ್ಯದ ನಡೆ ಕೇಳದೆ ತಾಳ ಹಿಡಿಯಬಾರದು. ಭೋಗ ಷಟ್ಪದಿ ಮೂರು ಮೂರರ ನಡೆ, ದಾದರಾದಲ್ಲಿ ಸಲೀಸಾಗಿ ಕೂರುತ್ತದೆ. ವಾರ್ಧಕ ಐದೈದರ ನಡೆ, ಝಪತಾಳ ನೋಡು. ಶರ ನಾಲ್ಕು ನಾಲ್ಕರದು, ಅಲ್ಲಿ ಕೇರವಾ ಧಾರಾಳವಾಗಿ ಇಡು.

ತಾಲೀಮು ಅಲ್ಲಿಗೆ ಮುಗಿಯಲಿಲ್ಲ. ಎರಡನೇ ಸಾಲನ್ನು ನಾನು ತಾರ ಷಡ್ಜಕ್ಕೆ ಏರಿಸಿ ಜೋರಾಗಿ ನಿಲ್ಲಿಸಿದ್ದೆ. ಹಾಡಿದಾಗ ಚಪ್ಪಾಳೆ ಬೀಳುವ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಯ ಹುಡುಗಿಯೊಬ್ಬಳು ಹಾಡುವುದನ್ನು ನಿಲ್ಲಿಸಿದಳು. "ಮೇಡಂ, ನಮ್ಮೂರ ತನಕ ನೀರು ಬರೋದೇ ಕಡಿಮಿರಿ. ಈ ಸಾಲು ಇಷ್ಟು ಖುಷಿಲೆ ಹೆಂಗ ಹಾಡ್ಬೇಕ್ರಿ?" ಅಂದಳು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಪದ್ಯವನ್ನು ಮತ್ತೆ ಓದಿದೆ. ಹರಿಯಲಿ ಅಂತ ಇದೆ, ಹರಿಯಿತು ಅಂತ ಇಲ್ಲ. ಮೊದಲ ಸಾಲು ಸುದ್ದಿ, ಎರಡನೆಯದು ಬೇಡಿಕೆ. ನಾನು ಎರಡಕ್ಕೂ ಒಂದೇ ಸಂಭ್ರಮ ಹಾಕಿದ್ದೆ.

ದೇಸ್ ರಾಗದಲ್ಲಿ ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಹಾಗಾಗಿ ಮೊದಲ ಸಾಲು ಶುದ್ಧ ನಿಷಾದ ಹಿಡಿದು ಮೇಲೆ ಹೋಗಲಿ ಅಂತ ಬಿಟ್ಟೆ. ಎರಡನೇ ಸಾಲನ್ನು ಮೇಲಿನಿಂದ ಕೋಮಲ ನಿಷಾದದ ಮೂಲಕ ಇಳಿಸಿ, ಹರಿಯಲಿ ಅನ್ನುವ ಮಾತನ್ನು ಮ ಗ ರೆ ಅಂತ ರಿಷಭದ ಮೇಲೆ ತಂದು ನಿಲ್ಲಿಸಿದೆ. ರಿಷಭ ದೇಸ್ ರಾಗದ ವಾದಿ (ಮುಖ್ಯ) ಸ್ವರ. ಅಲ್ಲಿ ನಿಂತರೆ ರಾಗಕ್ಕೆ ತಪ್ಪಿಲ್ಲ, ಆದರೆ ಷಡ್ಜ ಸಿಗದೆ ಮಾತು ಅರ್ಧಕ್ಕೆ ಕಾಯುತ್ತಾ ನಿಂತ ಹಾಗೆ ಕೇಳುತ್ತದೆ. ಆ ಹುಡುಗಿಗೇ ಮೊದಲು ಹಾಡಲು ಹೇಳಿದೆ. ಅವಳು ಹಾಡಿದ ರೀತಿಯನ್ನು ನಾನು ಬರೆದುಕೊಂಡೆ, ಯಾಕೆಂದರೆ ರಿಷಭಕ್ಕೆ ಬರುವ ಮುಂಚೆ ಗಂಧಾರದ ಮೇಲೆ ಅವಳು ಸ್ವಲ್ಪ ತಡೆದಳು. ನಾನು ಅದನ್ನು ಬರೆದಿರಲಿಲ್ಲ. ಈಗ ಹಾಡಿನಲ್ಲಿ ಆ ತಡೆ ಇದೆ.

ಒಂದು ಉಪಯೋಗದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹುಡುಗ ಹುಡುಗಿಯರು ಸೇರಿ ಹಾಡುವ ಹಾಡಿಗೆ ಬಿಳಿ ನಾಲ್ಕರ ಪಟ್ಟಿ ಇಟ್ಟುಕೋ, ಧಾಟಿಯನ್ನು ಮಧ್ಯ ಷಡ್ಜದಿಂದ ತಾರ ಷಡ್ಜದ ಒಳಗೆ ಮುಗಿಸು. ಅದಕ್ಕಿಂತ ಕೆಳಗೆ ಹೋದರೆ ಹುಡುಗಿಯರ ದನಿ ಸಿಗುವುದಿಲ್ಲ, ಮೇಲೆ ಹೋದರೆ ಹುಡುಗರು ಕಿರುಚುತ್ತಾರೆ. ಒಂದು ಸಪ್ತಕ ಸಾಕಾ ಅಂತ ಅನಿಸಬಹುದು. ನಮ್ಮ ಭಜನೆ ಮೇಳಗಳ ಎಷ್ಟೋ ಪದಗಳು ಐದಾರು ಸ್ವರದೊಳಗೇ ಮುಗಿಯುತ್ತವೆ, ರಾತ್ರಿಯೆಲ್ಲ ಹಾಡಿದರೂ ಬೇಸರ ಬರುವುದಿಲ್ಲ.

ವಚನಗಳ ಬಗ್ಗೆ ನೀನು ಕೇಳಿಲ್ಲ, ಆದರೆ ರಾಗ ಹಾಕುವವರೆಲ್ಲ ಒಮ್ಮೆ ಅಲ್ಲಿಗೆ ಬಂದೇ ಬರುತ್ತಾರೆ. ಷಟ್ಪದಿಯಲ್ಲಿ ಮಾತ್ರೆಯ ಆಸರೆ ಇದೆ, ವಚನದಲ್ಲಿ ಅದೂ ಇಲ್ಲ. ಒಂದು ಸಾಲು ಉದ್ದ, ಒಂದು ಸಾಲು ಮೂರೇ ಮಾತು. ಅಲ್ಲಿ ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲೇ ಸ್ವರ ನಿಲ್ಲಬೇಕು. ಅಂಕಿತ ಬಂದಾಗ ಧಾಟಿ ಮನೆಗೆ ಬಂದ ಹಾಗೆ ಇರಬೇಕು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವನ್ನೂ, ನಮ್ಮ ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಗಾಯನವನ್ನೂ ಹುಡುಕಿ ಕೇಳು. ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರೇ ಇದೆ. ಅಲ್ಲಿ ಹಾಡಲು ನಿಂತಾಗಲೆಲ್ಲ ನನಗೆ ಸ್ವಲ್ಪ ಭಯವಾಗುತ್ತದೆ, ಅದು ಒಳ್ಳೆಯ ಭಯ.

ಹೊಸ ಕವಿಗಳ ಪದ್ಯಕ್ಕೆ ರಾಗ ಹಾಕುವ ಮುಂಚೆ ಅವರ ಒಪ್ಪಿಗೆ ತಗೋ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಕುಟುಂಬದ್ದೇ ಅಥವಾ ಹಕ್ಕು ಪಡೆದವರದ್ದೇ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆವರೆಗೂ ಕೇಳಿಯೇ ಬಳಸಬೇಕು. ವಚನಕ್ಕೆ, ದಾಸರ ಪದಕ್ಕೆ ಈ ತೊಡಕಿಲ್ಲ. ನೀನು ಹಾಕಿದ ಧಾಟಿಯ ಹಕ್ಕು ನಿನ್ನದು. ಹಾಗಾಗಿ ತಾರೀಕು ಹಾಕಿ, ಸ್ವರ ಬರೆದು ಇಟ್ಟುಕೋ.

ಓದಿನ ವಿಷಯ. ಬಿ.ಎ. ಮುಗಿಸಿ ಸಂಗೀತದಲ್ಲಿ ಎಂ.ಎ. ಅಥವಾ ಎಂ.ಮ್ಯೂಸಿಕ್ ಮಾಡು. ಶೇಕಡಾ 55 ಅಂಕ ಬೇಕು, ಮೀಸಲಾತಿ ಇರುವವರಿಗೆ 50. ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಪಾಸಾಗು. ಯುಜಿಸಿಯ 2018ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಹೆಸರಾಂತ ಗುರುಗಳ ಹತ್ತಿರ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ 'ಎ' ಶ್ರೇಣಿ ಕಲಾವಿದರಾದವರಿಗೆ. ಆಕಾಶವಾಣಿ ಆಡಿಷನ್ನಿನಲ್ಲಿ ಬಿ, ಬಿ ಹೈ, ಎ, ಟಾಪ್ ಅಂತ ಮೆಟ್ಟಿಲುಗಳಿವೆ, ಈಗಿನಿಂದಲೇ ಬಿ ಶ್ರೇಣಿಗೆ ತಯಾರಾಗು. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದವನ್ನೋ, ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೋ ಪಕ್ಕದಲ್ಲೇ ಕಟ್ಟುತ್ತಾ ಹೋಗು. ಇದಕ್ಕೆಲ್ಲ ಮೇಲೆ ಒಬ್ಬ ಗುರು ಬೇಕು. ಗದಗ ನಿನಗೆ ದೂರವಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಶಿಷ್ಯರು ನಮ್ಮ ಕಡೆಯ ಜಿಲ್ಲೆಗಳಲ್ಲಿ ಇದ್ದಾರೆ. ಹುಡುಕು, ಹೋಗಿ ಎದುರಿಗೆ ಕೂತು ಕಲಿ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಸಂಗೀತ ವಿಷಯ ಇರುವ ಕಾಲೇಜುಗಳೇ ಕಡಿಮೆ, ಕಾಯಂ ಹುದ್ದೆ ಇನ್ನೂ ಕಡಿಮೆ. ನಾನು ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಒಂದು ಕಾಲೇಜಿನಲ್ಲಿ ಗೌರವಧನ ಐದು ತಿಂಗಳು ತಡವಾಗಿ ಬಂತು. ಆ ದಿನಗಳಲ್ಲಿ ಮನೆ ನಡೆದದ್ದು ನಮ್ಮ ಮನೆಯವರ ಅಂಗಡಿಯಿಂದ ಮತ್ತು ಮದುವೆ ಮನೆಗಳಲ್ಲಿ ಹಾಡಿದ ಹಾಡುಗಳಿಂದ. ನಿಮ್ಮಪ್ಪನ ಪ್ರಶ್ನೆಯ ಹಿಂದೆ ಈ ಚಿಂತೆಯೂ ಇದ್ದೀತು. ಅವರ ಹತ್ತಿರ ಇದನ್ನು ಮುಚ್ಚಿಡದೆ ಮಾತಾಡು. ಬಿ.ಇಡಿ. ಮಾಡಿಟ್ಟುಕೊಂಡರೆ ಶಾಲೆಯ ದಾರಿಯೂ ಇರುತ್ತದೆ ಅಂತ ಹೇಳು.

ದಣಿವಿನ ಬಗ್ಗೆ ಅವರು ಕೇಳಿದ್ದು ಮಾತ್ರ ಹೀಗೆ ಹೇಳು: ದಣಿವು ಆಗುತ್ತದೆ. ಸಂಜೆ ಐದೂವರೆಗೆ ಮನೆಗೆ ಬಂದಾಗ ಮಾತಾಡಲೂ ಮನಸ್ಸಿರುವುದಿಲ್ಲ. ಒಂದು ಗಂಟೆ ಸುಮ್ಮನಿರುತ್ತೇನೆ, ಮನೆಯವರೂ ಬಿಟ್ಟುಬಿಡುತ್ತಾರೆ. ಆದರೆ ಎಂಟು ಗಂಟೆಗೆ ಪೇಟಿ ಮುಂದೆ ಕೂತಾಗ ನನ್ನ ಹತ್ತಿರ ಒಂದು ಮೊಹರಂ ಪದದ ಗಂಧಾರ ಇರುತ್ತದೆ, ಒಬ್ಬ ಅಜ್ಜಿಯ ಏಳು ಮಾತ್ರೆ ಇರುತ್ತದೆ, ಹರಿಯಲಿ ಅನ್ನುವ ಮಾತಿನ ಮೇಲೆ ಒಂದು ಹುಡುಗಿ ತಡೆದ ತಡೆ ಇರುತ್ತದೆ. ಬೆಳಗ್ಗೆ ಕಾಲೇಜಿಗೆ ಹೋಗುವಾಗ ಇವು ಯಾವುವೂ ಇರಲಿಲ್ಲ. ಮನೆಯಲ್ಲೇ ಕೂತಿದ್ದರೆ ಇವು ನನಗೆ ಸಿಗುತ್ತಲೇ ಇರಲಿಲ್ಲ.

ಈ ವಾರ ನೀನು ಮಾಡಬೇಕಾದ್ದು ಒಂದೇ. ನಿಮ್ಮೂರಿನ ಭಜನೆ ಮೇಳಕ್ಕೆ ಹೋಗಿ ಕೂರು. ಒಂದು ಪದ ಪೂರ್ತಿ ಕಲಿ. ಅದನ್ನು ಸ್ವರ, ತಾಳ ಹಾಕಿ ಬರೆ. ನಿಮ್ಮಪ್ಪನಿಗೂ ಒಂದೆರಡು ಪದ ಬರುತ್ತಿದ್ದೀತು, ಕೇಳಿ ನೋಡು.

ನಮ್ಮ ತುಂಗೆಯ ಹಾಡಿನ ಮೂರನೇ ಸಾಲು ಇನ್ನೂ ಮುಗಿದಿಲ್ಲ. ಭಾಮಿನಿಯ ಮೂರನೇ ಸಾಲು ಉದ್ದ. ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು ಅಕ್ಷರ ಉಳಿಯುತ್ತದೆ. ರೂಪಕದಲ್ಲಿ ಅದು ಎರಡು ಮಾತ್ರೆ ತಗೊಂಡು ಐದು ಮಾತ್ರೆ ಖಾಲಿ ಬಿಡುತ್ತದೆ. ಅಲ್ಲಿ ಪೇಟಿ ನುಡಿಸೋಣ ಅಂತ ನಾನು ಅಂದೆ. ಕಾಲುವೆ ಕೊನೆಯ ಹುಡುಗಿ, "ಬ್ಯಾಡ್ರಿ ಮೇಡಂ, ಖಾಲಿನೇ ಇರಲಿ, ಬರೇ ತಂಬೂರಿ ಕೇಳ್ಲಿ" ಅನ್ನುತ್ತಾಳೆ. ನಾಳೆ ಮೂರು ಗಂಟೆಗೆ ಅವಳು ಹೇಳಿದ ಹಾಗೆ ಹಾಡಿ ನೋಡುತ್ತೇವೆ.